ಬೆಟ್ಟದ ಒಪ್ಪಿಗೆಯನ್ನು ಕೇಳಿದವರು ಯಾರು?

೧

ಕಳೆದ ನವೆಂಬರಿನಲ್ಲಿ ದಿಲ್ಲಿಯ ನಮ್ಮ ಕನ್ನಡಿಗರ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕುಳಿತಿದ್ದ ತರುಣ ಮಿತ್ರರೊಬ್ಬರು ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದರು. ಅದರಲ್ಲಿ ಒಂದು ಕೋಷ್ಟಕವಿತ್ತು. ಎಡಗಡೆಯಲ್ಲಿ ಬೆಟ್ಟಗಳ ಹೆಸರು: ಕಾಶ್ಮೀರದ ಗುಲ್‌ಮರ್ಗ್, ಉತ್ತರಾಖಂಡದ ಔಲಿ, ಹಿಮಾಚಲದ ಸೋಲಂಗ್, ಜಾರ್ಜಿಯಾ ದೇಶದ ಗುಡೌರಿ, ಜಪಾನಿನ ನಿಸೆಕೊ. ಮೇಲ್ಗಡೆ ಸಾಲಾಗಿ ತಲೆಬರಹಗಳು: ಹಿಮದ ಆಳ, ರೋಪ್‌ವೇ ಸೌಲಭ್ಯ, ವಿಮಾನ ನಿಲ್ದಾಣದಿಂದ ದೂರ, ಕೊಠಡಿಯ ಬಾಡಿಗೆ, ತರಬೇತಿಯ ಶುಲ್ಕ, ಕಟ್ಟಕಡೆಗೆ 'ಹಿಮದ ಗ್ಯಾರಂಟಿ'. ಪ್ರತಿಯೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಡಲಾಗಿತ್ತು. "ಈ ಸಲ ಯಾವ ಬೆಟ್ಟ, ಸರ್? ನೀವು ಅನುಭವಸ್ಥರು, ಒಂದು ಹೇಳಿಬಿಡಿ" ಎಂದರು.

ನಾನು ಥಟ್ಟನೆ ಉತ್ತರಿಸಲಾಗಲಿಲ್ಲ. ಹಿಮದ ಮೇಲೆ ಜಾರುವ ಈ ಆಟವನ್ನು ಮೂವತ್ತು ವರ್ಷದೊಳಗೇ ಕಲಿತು ಐವತ್ತು ದಾಟಿದ ಮೇಲೂ ಬಿಡದವನು ನಾನು. ಅಂಥ ಕೋಷ್ಟಕಗಳನ್ನು ಕಾಗದದ ಮೇಲೂ ಮನಸ್ಸಿನಲ್ಲೂ ಎಷ್ಟೋ ಸಲ ಹಾಕಿದ್ದೇನೆ. ಆದರೆ ಅಂದು ಆ ಅಂಕಪಟ್ಟಿಯನ್ನು ನೋಡುತ್ತಿದ್ದಾಗ ಅದರಲ್ಲಿ ಇಲ್ಲದ ಒಂದು ಕಾಲಂ ಕಣ್ಣಿಗೆ ಹೊಡೆಯಿತು. ಆ ಬೆಟ್ಟಕ್ಕೆ, ಎಂದರೆ ಅಲ್ಲಿ ಬದುಕುವ ಜನಕ್ಕೆ, ಈ ವರ್ಷ ನಾವು ಬೇಕೆ? ಬೇಕಾದರೆ ಎಷ್ಟು ಮಂದಿ, ಯಾವಾಗ, ಎಷ್ಟು ದಿನ? ಹೋಟೆಲಿನ ನಲ್ಲಿ ನೀರಿನ ಬಿಸಿಯವರೆಗೂ ವಿಚಾರಿಸಿಕೊಂಡಿದ್ದ ನನ್ನ ಮಿತ್ರರಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಅವರನ್ನು ದೂರಿ ಫಲವಿಲ್ಲ. ಮೂವತ್ತು ವರ್ಷ ನನಗೂ ಹೊಳೆದಿರಲಿಲ್ಲ.

ನಾನು ಸರ್ಕಾರಿ ನೌಕರ; ನಡತೆ ನಿಯಮಗಳ ಗೆರೆಯನ್ನು ಬಲ್ಲವನು. ಆದುದರಿಂದ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಬರೆಯುತ್ತಿರುವುದು ನನ್ನ ಖಾಸಗಿ ಅಭಿಪ್ರಾಯ. ನನ್ನ ತಕರಾರು ಯಾವ ಇಲಾಖೆಯ ಮೇಲೂ ಅಲ್ಲ. ನನ್ನಂಥ ರಜೆಗಾರರ ಮೇಲೆ. ನಾವು ಬೆಟ್ಟಗಳನ್ನು ಆರಿಸುವ ರೀತಿಯೇ ತಪ್ಪು, ಆ ರೀತಿ ಬದಲಾಗದ ಹೊರತು ಯಾವ ಬೆಟ್ಟವನ್ನು ಆರಿಸಿದರೂ ತಪ್ಪೇ ಎಂಬುದು ಈ ಲೇಖನದ ವಾದ.

೨

ನಾನು ಸ್ಕೀಯಿಂಗ್ ಕಲಿತದ್ದು ಔಲಿಯಲ್ಲಿ, ೧೯೯೬ರ ಫೆಬ್ರವರಿಯಲ್ಲಿ. ಜೋಶಿಮಠದಿಂದ ಔಲಿಯ ಬುಗ್ಯಾಲಿಗೆ ಏರುವ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ರೋಪ್‌ವೇ ಆಗಿನ್ನೂ ಹೊಸದು. ಬುಗ್ಯಾಲ್ ಎಂದರೆ ಗಢವಾಲದವರು ಎತ್ತರದ ಹುಲ್ಲುಗಾವಲಿಗೆ ಇಟ್ಟಿರುವ ಹೆಸರು. ಬೇಸಿಗೆಯಲ್ಲಿ ಕುರಿ ಮೇಯುವ ಅದೇ ಹಸಿರು ಚಳಿಗಾಲದಲ್ಲಿ ಹಿಮದಡಿ ಅಡಗಿ ನಮ್ಮಂಥವರ ಆಟದ ಬಯಲಾಗುತ್ತದೆ.

ನಮ್ಮ ಬೋಧಕರು ಆಸುಪಾಸಿನ ಹಳ್ಳಿಯವರು. ದಿನಾ ಬೆಳಗ್ಗೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ತಾವೊಬ್ಬರೇ ಮುಂದೆ ಹೋಗಿ, ಕೋಲನ್ನು ಹಿಮದಲ್ಲಿ ಅಲ್ಲಲ್ಲಿ ಇಳಿಸಿ ನೋಡಿ, ಗಾಳಿಗೆ ಮುಖವೊಡ್ಡಿ ನಿಂತು ಹಿಂದಿರುಗುತ್ತಿದ್ದರು. ಏಳು ದಿನಗಳ ತರಬೇತಿಯಲ್ಲಿ ಎರಡು ದಿನ ಅವರು ಹೇಳಿದ್ದು ಒಂದೇ ಮಾತು: "ಇವತ್ತು ಬೆಟ್ಟ ಬೇಡ ಅನ್ನುತ್ತಿದೆ." ಆ ಎರಡು ದಿನ ನಾವು ಒಲೆಯ ಸುತ್ತ ಕುಳಿತು ಆಲೂಗಡ್ಡೆ ಸುಲಿದೆವು. ಹಣ ಕಟ್ಟಿ ಬಂದ ನಮಗೆ ಅದು ಅನ್ಯಾಯವೆನಿಸಿತ್ತು. ಅವರ ಮೇಲೆ ದೂರು ಬರೆಯಬೇಕೆಂದು ಹೊರಟ ಮೂವರಲ್ಲಿ ನಾನೂ ಒಬ್ಬ. ಅರ್ಜಿಯ ಒಕ್ಕಣೆ ನನ್ನದೇ. ಸರ್ಕಾರಿ ಭಾಷೆ ಬಲ್ಲವನು ನಾನೊಬ್ಬನೇ ಇದ್ದೆ. ಯಾವ ಕಾರಣಕ್ಕೋ ಅದನ್ನು ಕೊಡದೆ ಬಂದೆವು.

ಇದಾದ ಇಪ್ಪತ್ತೆಂಟು ವರ್ಷಗಳ ಮೇಲೆ, ೨೦೨೪ರ ಜನವರಿಯಲ್ಲಿ, ಔಲಿಯಲ್ಲಿ ಹಿಮ ಬಿದ್ದಿಲ್ಲವೆಂದು ತಿಳಿದು ಅಲ್ಲಿ ಕಾದಿರಿಸಿದ್ದ ಕೊಠಡಿಯನ್ನು ರದ್ದುಮಾಡಿ, ಎಲ್.ಟಿ.ಸಿ. ಸೌಲಭ್ಯದಲ್ಲಿ ಗುಲ್‌ಮರ್ಗಿಗೆ ಹೋದೆ. ಬೆಟ್ಟವನ್ನು ಬದಲಿಸಲು ನನಗೆ ಹಿಡಿದದ್ದು ಹತ್ತು ನಿಮಿಷ. ಹೋಗಿ ನೋಡಿದರೆ ಗುಲ್‌ಮರ್ಗವೂ ಒಣಗಿತ್ತು. ಆ ಚಳಿಗಾಲದ ಬರಿಗಣಿವೆಯ ಚಿತ್ರಗಳನ್ನು ಪತ್ರಿಕೆಗಳಲ್ಲಿ ಓದುಗರು ನೋಡಿರಬಹುದು. ಸಮುದ್ರಮಟ್ಟದಿಂದ ಎರಡು ಸಾವಿರದ ಆರುನೂರು ಮೀಟರಿಗೂ ಎತ್ತರದ ಆ ಬಟ್ಟಲಿನಲ್ಲಿ ಕಂದುಹುಲ್ಲು ಬಿಸಿಲಿಗೆ ಮಲಗಿತ್ತು. ಪ್ರವಾಸಿಗರನ್ನು ಕೂರಿಸಿಕೊಂಡು ಎಳೆಯುವ ಮರದ ಸ್ಲೆಜ್‌ಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಎಳೆಯುವವರು ಕಾಂಗಡಿಯ ಕೆಂಡ ಕೆದಕುತ್ತಿದ್ದರು. ನನ್ನಷ್ಟೇ ವಯಸ್ಸಾದ ಒಬ್ಬರ ಬಳಿ ಕುಳಿತು, ಇನ್ನು ಯಾವಾಗ ಬಂದರೆ ಹಿಮ ಸಿಗಬಹುದು ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಿಮ ಬಂದೇ ಬರುತ್ತದೆ, ಸಾಹೇಬರೆ. ಆದರೆ ಅದು ಬರುವಾಗ ನಿಮ್ಮ ರಜೆ ಮುಗಿದಿರುತ್ತದೆ" ಎಂದರು.

ಅವರು ವ್ಯಂಗ್ಯವಾಡಿರಲಿಲ್ಲ, ಇದ್ದ ಸಂಗತಿಯನ್ನು ಹೇಳಿದ್ದರು. ಆ ತಿಂಗಳ ಕೊನೆಗೆ ಹಿಮ ಬಿತ್ತು. ಆ ಹೊತ್ತಿಗೆ ನಾನು ದಿಲ್ಲಿಯ ಕಚೇರಿಯಲ್ಲಿ ಕಡತದ ಮುಂದಿದ್ದೆ. ನವೆಂಬರಿನಲ್ಲಿ ಮಂಜೂರಾದ ರಜೆಗೆ ಜನವರಿಯ ಆಕಾಶ ತಲೆಬಾಗಬೇಕೆಂದು ನಿರೀಕ್ಷಿಸಿದವನು ನಾನು. ಬೆಟ್ಟ ಬಾಗಲಿಲ್ಲ. ಅದರ ದಂಡವನ್ನು ಕಟ್ಟಿದವರು ಮಾತ್ರ ಔಲಿಯಲ್ಲಿ ನಾನು ರದ್ದುಮಾಡಿದ ಕೊಠಡಿಯ ಒಡೆಯರು, ಗುಲ್‌ಮರ್ಗಿನಲ್ಲಿ ಖಾಲಿ ಕುಳಿತ ಸ್ಲೆಜ್ಜಿನವರು. ನನಗಾದ ನಷ್ಟ ಒಂದು ವಾರದ ಬೇಸರ.

೩

'ಹಿಮವಿರುವ ಕಡೆಗೆ ಹೋಗುವುದು ಸಹಜ ತಾನೆ? ಮಾವು ಹಣ್ಣಾದ ಮರದ ಕೆಳಗೆ ಹುಡುಗರು ಸೇರುವುದಿಲ್ಲವೆ?' ಎಂದು ಕೇಳಬಹುದು. ಮೇಲುನೋಟಕ್ಕೆ ನಿರುಪದ್ರವಿಯಾಗಿ ಕಾಣುವ ಈ ಸಹಜತೆಯ ಒಳಯಂತ್ರವನ್ನು ಬಿಚ್ಚಿ ನೋಡಬೇಕು.

ಹಿಮಾಲಯದ ಪಶ್ಚಿಮ ಭಾಗಕ್ಕೆ ಚಳಿಗಾಲದ ಹಿಮವನ್ನು ತರುವುದು ಮೆಡಿಟರೇನಿಯನ್ ಕಡೆಯಿಂದ ಹೊರಟು ಬರುವ ಪಶ್ಚಿಮದ ಕ್ಷೋಭೆಗಳು. ಅವು ಬರುವ ಹೊತ್ತು, ಬರುವ ಬಲ, ಬಂದಾಗ ಸುರಿಯುವುದು ಹಿಮವೋ ಮಳೆಯೋ ಎಂಬುದು ವರ್ಷದಿಂದ ವರ್ಷಕ್ಕೆ ಅನಿಶ್ಚಿತವಾಗುತ್ತಿದೆ. ಕಠ್ಮಂಡುವಿನಲ್ಲಿರುವ ಪರ್ವತಾಭಿವೃದ್ಧಿಯ ಅಂತರರಾಷ್ಟ್ರೀಯ ಕೇಂದ್ರವು ೨೦೨೫ರಲ್ಲಿ ಪ್ರಕಟಿಸಿದ ವರದಿಯಂತೆ, ಹಿಂದೂಕುಶ-ಹಿಮಾಲಯ ಪ್ರದೇಶದಲ್ಲಿ ಆ ಚಳಿಗಾಲ ಹಿಮವು ನೆಲದ ಮೇಲೆ ಉಳಿದ ಪ್ರಮಾಣ ಸರಾಸರಿಗಿಂತ ಶೇಕಡಾ ೨೩.೬ರಷ್ಟು ಕಡಿಮೆ, ಇಪ್ಪತ್ತಮೂರು ವರ್ಷಗಳಲ್ಲಿ ಅತಿ ಕನಿಷ್ಠ. ಅದೇ ೨೦೨೫ರ ಫೆಬ್ರವರಿಯಲ್ಲಿ ಗುಲ್‌ಮರ್ಗಿನಲ್ಲಿ ನಡೆಯಬೇಕಿದ್ದ ಖೇಲೊ ಇಂಡಿಯಾ ಚಳಿಗಾಲದ ಕ್ರೀಡೆಗಳು ಹಿಮದ ಕೊರತೆಯಿಂದ ಮುಂದೂಡಲ್ಪಟ್ಟು ಮಾರ್ಚಿನಲ್ಲಿ ನಡೆದವು. ಸರ್ಕಾರಿ ಕ್ರೀಡಾಕೂಟವೇ ಹಿಮಕ್ಕಾಗಿ ಕಾಯಬಹುದಾದರೆ ನಾವೇಕೆ ಕಾಯಲಾರೆವು?

ಯೂರೋಪಿನ ಸ್ಥಿತಿಯೂ ಇದೇ. ೨೦೨೩ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ ಯೂರೋಪಿನ ೨,೨೩೪ ಸ್ಕೀಯಿಂಗ್ ತಾಣಗಳನ್ನು ಪರಿಶೀಲಿಸಿತು. ಭೂಮಿಯ ಉಷ್ಣತೆ ಎರಡು ಡಿಗ್ರಿ ಏರಿದರೆ, ಕೃತಕ ಹಿಮದ ನೆರವಿಲ್ಲದೆ, ಅವುಗಳಲ್ಲಿ ಶೇಕಡಾ ೫೩ರಷ್ಟಕ್ಕೆ ಹಿಮದ ಅಭಾವದ ಅತಿ ಹೆಚ್ಚಿನ ಅಪಾಯವಿದೆ. ನಾಲ್ಕು ಡಿಗ್ರಿ ಏರಿದರೆ ಬಹುತೇಕ ಎಲ್ಲವಕ್ಕೂ. ಹೀಗಿರುವಾಗ ಪ್ರತಿವರ್ಷವೂ 'ಹಿಮವಿರುವ' ಬೆಟ್ಟವನ್ನು ಹುಡುಕಿ ಹೊರಡುವವನು ಏನು ಮಾಡುತ್ತಿದ್ದಾನೆ? ತಗ್ಗಿನ ಬೆಟ್ಟಗಳನ್ನು ಒಂದೊಂದಾಗಿ ಕೈಬಿಟ್ಟು ಇನ್ನೂ ಎತ್ತರದ, ಇನ್ನೂ ಸೂಕ್ಷ್ಮವಾದ ನೆಲಕ್ಕೆ ಗುಂಪು ಕಟ್ಟಿಕೊಂಡು ಏರುತ್ತಿದ್ದಾನೆ. ಅಲ್ಲಿಗೆ ಮುಟ್ಟಲು ವಿಮಾನ ಹತ್ತಿ, ಹಿಮ ಕರಗಲು ಕಾರಣವಾದ ಹೊಗೆಗೆ ತನ್ನ ಪಾಲನ್ನೂ ಸೇರಿಸುತ್ತಿದ್ದಾನೆ.

ಇನ್ನು ಕೈಬಿಡಲ್ಪಟ್ಟ ಬೆಟ್ಟಗಳು ಸುಮ್ಮನಿರಲಾರವು. 'ಹಿಮದ ಗ್ಯಾರಂಟಿ' ಎಂಬ ಕಾಲಮ್ಮಿನಲ್ಲಿ ಅಂಕ ಗಿಟ್ಟಿಸಲು ಅವು ಯಂತ್ರದ ಮೊರೆ ಹೋಗಬೇಕಾಗುತ್ತದೆ. ೨೦೧೧ರ ಜನವರಿಯಲ್ಲಿ ನಡೆದ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳಿಗಾಗಿ ಔಲಿಯಲ್ಲಿ ಹಿಮ ತಯಾರಿಸುವ ಯಂತ್ರಗಳನ್ನು ನಿಲ್ಲಿಸಲಾಯಿತು. ಈ ಯಂತ್ರದ ತತ್ತ್ವ ಸರಳ: ನೀರನ್ನು ಒತ್ತಡದಲ್ಲಿ ಅತಿ ಸಣ್ಣ ಹನಿಗಳಾಗಿ ತಣ್ಣನೆಯ ಗಾಳಿಗೆ ಎರಚಿದರೆ ಅದು ನೆಲಕ್ಕೆ ಬೀಳುವಷ್ಟರಲ್ಲಿ ಹೆಪ್ಪುಗಟ್ಟುತ್ತದೆ. ಆದರೆ ಗಾಳಿಯ ತೇವವನ್ನೂ ಲೆಕ್ಕಕ್ಕೆ ಹಿಡಿದ ಉಷ್ಣತೆ ಶೂನ್ಯಕ್ಕಿಂತ ಸುಮಾರು ಎರಡು ಡಿಗ್ರಿಯಷ್ಟಾದರೂ ಕೆಳಗಿರಬೇಕು. ಚಳಿಯೇ ಕೈಕೊಟ್ಟ ವರ್ಷದಲ್ಲಿ ಯಂತ್ರವೂ ಕೈಕೊಡುತ್ತದೆ. ಯಂತ್ರಗಳು ಬಂದ ಮೇಲೂ ಔಲಿಯಲ್ಲಿ ಹಿಮವಿಲ್ಲದೆ ಸ್ಪರ್ಧೆಗಳು ನಿಂತುಹೋದದ್ದುಂಟು.

ಮತ್ತು ನೀರು? ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ ಇಳಿಜಾರಿಗೆ ಒಂದಡಿ ದಪ್ಪ ಕೃತಕ ಹಿಮ ಹೊದಿಸಲು ಹತ್ತು ಲಕ್ಷ ಲೀಟರಿಗೂ ಮಿಕ್ಕಿ ನೀರು ಬೇಕು. ೨೦೨೨ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಹೆಚ್ಚುಕಡಿಮೆ ಪೂರ್ತಿಯಾಗಿ ಇಂಥ ಕೃತಕ ಹಿಮದ ಮೇಲೆ. ಆ ಕೂಟದಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದ ಕಾಶ್ಮೀರದ ಆರಿಫ್ ಖಾನ್ ಅವರೂ ಅದರ ಮೇಲೆಯೇ ಜಾರಿದರು. ಊರಿನ ಇಳಿಜಾರಿನಲ್ಲಿ ಮುಗಿಲು ಸುರಿಸಿದ ಹಿಮದ ಮೇಲೆ ಬೆಳೆದ ಆಟಗಾರ ಪಂಪಿನ ಹಿಮದ ಮೇಲೆ ದೇಶವನ್ನು ಪ್ರತಿನಿಧಿಸಬೇಕಾದ ಕಾಲವಿದು.

ಬೆಟ್ಟ ತಾನು ಕೊಡಲಾರದ್ದನ್ನು ಗ್ಯಾರಂಟಿಯಾಗಿ ಬರೆದುಕೊಡಬೇಕೆಂದು ಒತ್ತಾಯಿಸುವುದು ವ್ಯಾಪಾರಿಯ ಗುಣ. ಗುಲ್‌ಮರ್ಗಿನಲ್ಲಿ ೧೯೨೭ರಲ್ಲಿ ಸ್ಕೀ ಕ್ಲಬ್ ಕಟ್ಟಿದವರು ಬ್ರಿಟಿಷ್ ಸೇನಾಧಿಕಾರಿಗಳು. ಅವರಿಗೆ ಆ ಬೆಟ್ಟ ತಮ್ಮ ಋತುವಿಗೆ ಒದಗುವ ಬಯಲಾಗಿತ್ತು. ಅಲ್ಲಿಯ ಜನ ಸಾಮಾನು ಹೊರುವವರಾಗಿದ್ದರು. ದೊರೆಗಳು ಹೋದರು. ಅವರ ಕಣ್ಣನ್ನು ನಾವು ಕಾಪಿಟ್ಟುಕೊಂಡೆವು.

೪

೨೦೨೩ರ ಜನವರಿಯ ಆರಂಭದಲ್ಲಿ, ಸ್ಕೀಯಿಂಗ್ ಋತು ಮೊದಲಾಗುವ ಹೊತ್ತಿಗೆ, ಜೋಶಿಮಠದ ಮನೆಗಳ ಗೋಡೆ ಬಿರಿದವು. ಎಂಟುನೂರಕ್ಕೂ ಮಿಕ್ಕಿ ಕಟ್ಟಡಗಳಲ್ಲಿ ಬಿರುಕು ಕಾಣಿಸಿತು. ಒಂದಕ್ಕೊಂದು ವಾಲಿ ನಿಂತಿದ್ದ ಎರಡು ಹೋಟೆಲುಗಳನ್ನು ಕೆಡವಬೇಕಾಯಿತು. ನೂರಾರು ಕುಟುಂಬಗಳು ಚಳಿಗಾಲದ ನಡುವೆ ಮನೆ ಬಿಟ್ಟವು. ಔಲಿಯ ರೋಪ್‌ವೇ ನಿಂತಿತು.

ಆ ವಾರ ದಿಲ್ಲಿಯಲ್ಲಿ ನನ್ನ ಪರಿಚಿತರ ವಲಯದಲ್ಲಿ ಅತಿ ಹೆಚ್ಚು ಬಾರಿ ಕೇಳಿಬಂದ ಪ್ರಶ್ನೆ ಯಾವುದು ಗೊತ್ತೆ? 'ರೋಪ್‌ವೇ ಯಾವಾಗ ತೆರೆಯುತ್ತದಂತೆ? ರಸ್ತೆಯಲ್ಲಾದರೂ ಔಲಿಗೆ ಹೋಗಬಹುದೆ?' ಈ ಪ್ರಶ್ನೆ ಕೇಳಿದವರು ಕಟುಕರಲ್ಲ. ಎಲ್ಲರೂ ಸುಶಿಕ್ಷಿತರು, ದಾನಧರ್ಮ ಬಲ್ಲವರು. ಆದರೆ ಬೆಟ್ಟವನ್ನು ಅಂಕಪಟ್ಟಿಯ ಮೂಲಕವೇ ನೋಡಿ ರೂಢಿಯಾದ ಕಣ್ಣಿಗೆ ಬಿರುಕುಬಿಟ್ಟ ಊರು ಕೂಡ 'ರೋಪ್‌ವೇ ಸೌಲಭ್ಯ: ಇಲ್ಲ' ಎಂಬ ಒಂದು ನಮೂದಾಗಿ ಕಾಣುತ್ತದೆ.

ಜೋಶಿಮಠ ಕುಸಿದದ್ದು ಸ್ಕೀಯಿಂಗಿನಿಂದ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆ ಊರು ನಿಂತಿರುವುದು ಗಟ್ಟಿ ಬಂಡೆಯ ಮೇಲಲ್ಲ, ಹಳೆಯ ಭೂಕುಸಿತದ ಮಣ್ಣು-ಕಲ್ಲುಗಳ ರಾಶಿಯ ಮೇಲೆ. ಅಲ್ಲಿ ಭಾರಿ ಕಟ್ಟಡಗಳು ಸಲ್ಲವು, ಇಳಿಜಾರಿನ ಬಂಡೆಗಳನ್ನು ಕೀಳಬಾರದು, ಮರಗಳನ್ನು ಕಡಿಯಬಾರದು, ನೀರು ಒಳಗಿಳಿಯದಂತೆ ಚರಂಡಿಗಳನ್ನು ಭದ್ರಪಡಿಸಬೇಕು ಎಂದು ಗಢವಾಲದ ಅಂದಿನ ಕಮಿಷನರ್ ಮಿಶ್ರಾ ಅವರ ಅಧ್ಯಕ್ಷತೆಯ ಸಮಿತಿ ೧೯೭೬ರಲ್ಲಿಯೇ ಹೇಳಿತ್ತು. ಅರ್ಧ ಶತಮಾನದ ಹಿಂದೆ ಬೆಟ್ಟದ ಪರವಾಗಿ ಬರೆದ 'ಬೇಡ' ಅದು. ಅನಂತರ ರಸ್ತೆಗಳು ಬಂದವು, ಜಲವಿದ್ಯುತ್ ಯೋಜನೆಗಳು ಬಂದವು, ಯಾತ್ರಿಕರಿಗೂ ಪ್ರವಾಸಿಗರಿಗೂ ಅಂತಸ್ತಿನ ಮೇಲೆ ಅಂತಸ್ತು ಎದ್ದಿತು. ಆ ಅಂತಸ್ತುಗಳಲ್ಲಿ ಕೆಲವು ರಾತ್ರಿ ಬಿಸಿನೀರಿನ ಚೀಲ ತಬ್ಬಿಕೊಂಡು ಮಲಗಿದವನು ನಾನೂ ಹೌದು.

ನಮಗೆ ಕನ್ನಡಿಗರಿಗೆ ಆ ಊರು ಪರಕೀಯವೂ ಅಲ್ಲ. ಶಂಕರರ ನಾಲ್ಕು ಆಮ್ನಾಯ ಪೀಠಗಳಲ್ಲಿ ಒಂದು ತುಂಗೆಯ ದಡದ ಶೃಂಗೇರಿಯಾದರೆ ಇನ್ನೊಂದು ಅಲ್ಲಿಯ ಜ್ಯೋತಿರ್ಮಠ. ಅಷ್ಟೇ ಅಲ್ಲ. ಜೋಶಿಮಠದಿಂದ ಕೆಲವೇ ಗಾವುದ ದೂರದ ರೈಣಿ ಗ್ರಾಮದಲ್ಲಿ ೧೯೭೪ರ ಮಾರ್ಚ್ ೨೬ರಂದು ಗೌರಾದೇವಿ ಮತ್ತು ಅವರ ಸಂಗಡಿಗರು ಮರಗಳನ್ನು ತಬ್ಬಿ ನಿಂತರು. ಆ ಚಿಪ್ಕೊ ಚಳವಳಿಯ ಕಾವಿನಿಂದಲೇ ೧೯೮೩ರಲ್ಲಿ ನಮ್ಮ ಶಿರಸಿಯ ಸಲ್ಕಣಿಯಲ್ಲಿ ಅಪ್ಪಿಕೊ ಹುಟ್ಟಿತು. 'ಬೇಡ' ಎನ್ನುವ ವಿದ್ಯೆಯನ್ನು ನಮ್ಮ ಮಲೆನಾಡಿಗರು ಆ ಬೆಟ್ಟದ ಹೆಂಗಸರಿಂದ ಕಲಿತವರು. ಅದೇ ರೈಣಿಯನ್ನು ೨೦೨೧ರ ಫೆಬ್ರವರಿ ೭ರಂದು ಋಷಿಗಂಗೆಯ ಪ್ರವಾಹ ಅಪ್ಪಳಿಸಿತು. ಕೆಳಗಿನ ತಪೋವನದ ಸುರಂಗದವರೆಗೆ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು, ಇಲ್ಲವೆ ಕಾಣೆಯಾದರು. ಇಂಥ ನೆಲದ ಮೇಲೆ ನಿಂತು ಹಿಮದ ಆಳವನ್ನಷ್ಟೇ ಅಳೆಯುವುದು ಅಳತೆಯ ದೋಷವಲ್ಲ, ಮನುಷ್ಯತ್ವದ ದೋಷ.

೫

ಬೆಟ್ಟ 'ಬೇಡ' ಎನ್ನುವುದು ಕವಿಸಮಯವೆಂದು ಭಾವಿಸುವವರಿಗೆ ಕುಲ್ಲೂ ಕಣಿವೆಯ ಒಂದು ಸಂಗತಿಯನ್ನು ನೆನಪಿಸುತ್ತೇನೆ. ೨೦೦೫ರ ಡಿಸೆಂಬರಿನಲ್ಲಿ ಮನಾಲಿಯ ಬಳಿ 'ಹಿಮಾಲಯನ್ ಸ್ಕೀ ವಿಲೇಜ್' ಎಂಬ ಬೃಹತ್ ತಾಣಕ್ಕಾಗಿ ಹಿಮಾಚಲ ಸರ್ಕಾರದೊಡನೆ ಒಪ್ಪಂದವಾಯಿತು. ಮೋಟಾರು ಕಾರಿನ ಹೆನ್ರಿ ಫೋರ್ಡನ ಮರಿಮಗ ಆಲ್‌ಫ್ರೆಡ್ ಫೋರ್ಡ್ ಅದರ ಹಿಂದಿದ್ದ ಹೂಡಿಕೆದಾರರಲ್ಲಿ ಪ್ರಮುಖರು. ಹೋಟೆಲುಗಳು, ಗೊಂಡೊಲಾ, ಜಾಗತಿಕ ಮಟ್ಟದ ಇಳಿಜಾರುಗಳು ಎಲ್ಲವೂ ನಕ್ಷೆಯಲ್ಲಿದ್ದವು. ೨೦೦೬ರ ಫೆಬ್ರವರಿಯಲ್ಲಿ ಕಣಿವೆಯ ದೇವತೆಗಳ ಸಭೆ ನಗ್ಗರ್‌ನಲ್ಲಿ ಕೂಡಿತು. 'ಜಗತಿ' ಎಂದು ಅದಕ್ಕೆ ಹೆಸರು. ಗೂರ್ ಎನಿಸಿಕೊಂಡ ದೇವಪಾತ್ರಿಗಳು ಒಬ್ಬೊಬ್ಬರಾಗಿ ಮಾತಾಡಿದರು. ತೀರ್ಪು: ಬೇಡ. ಹೋರಾಟಗಳೂ ಕೋರ್ಟಿನ ವ್ಯಾಜ್ಯಗಳೂ ಜೊತೆಗೂಡಿದವು. ಆ ತಾಣ ಮೇಲೇಳಲೇ ಇಲ್ಲ.

ನಾನು ಆಸ್ತಿಕನಲ್ಲ. ಗೂರ್‌ನ ಬಾಯಲ್ಲಿ ದೇವರು ಮಾತಾಡುತ್ತಾನೆಂದು ನಂಬುವವನಲ್ಲ. ಆದರೆ ದೈವದ ಅಪ್ಪಣೆಯಿಲ್ಲದೆ ಕೊಡಲಿ ಎತ್ತಬಾರದ ಕಾಡುಗಳುಳ್ಳ ನಾಡಿನಿಂದ ಬಂದ ನನಗೆ ಆ ಸಭೆಯ ಅರ್ಥ ಆಗದೆ ಇಲ್ಲ. ಕೊಡಗಿನ ದೇವರಕಾಡುಗಳನ್ನು ಉಳಿಸಿದ್ದು ಅರಣ್ಯ ಕಾನೂನಿಗಿಂತ ಹಳೆಯದಾದ ಒಂದು 'ಬೇಡ'. ನೀರು ಎಲ್ಲಿ ಹುಟ್ಟುತ್ತದೆ, ಹುಲ್ಲು ಯಾರಿಗೆ ಸೇರಬೇಕು, ಯಾವ ಇಳಿಜಾರು ಜಾರುತ್ತದೆ ಎಂಬ ತಲೆಮಾರುಗಳ ತಿಳಿವಳಿಕೆ ದೇವರ ಮಾತಾಗಿ ಬಂದರೆ ಅದು ಮೌಢ್ಯ, ಸಲಹೆಗಾರ ಕಂಪನಿಯ ವರದಿಯಾಗಿ ಬಂದರೆ ವಿಜ್ಞಾನ ಎನ್ನುವ ವಿವೇಕ ನನಗೆ ಒಗ್ಗದು.

ಅದೇ ಮನಾಲಿಯ ಮೇಲಿನ ಗೋಶಾಲ್, ಬುರುವಾ, ಪಲಚಾನ್, ಸೋಲಂಗ್ ಮುಂತಾದ ಒಂಬತ್ತು ಹಳ್ಳಿಗಳಲ್ಲಿ ಮಕರ ಸಂಕ್ರಾಂತಿಯಿಂದ ನಲವತ್ತೆರಡು ದಿನ ಮೌನದ ವ್ರತ ನಡೆಯುತ್ತದೆ. ದೇವತೆಗಳು ಸ್ವರ್ಗಕ್ಕೆ ಹೋಗಿರುತ್ತಾರೆಂಬ ನಂಬಿಕೆ. ದೇಗುಲದ ಗಂಟೆ ಬಾರಿಸುವುದಿಲ್ಲ, ಟಿ.ವಿ. ಹಾಕುವುದಿಲ್ಲ, ಹೊಲದ ಮಣ್ಣು ಕೆದಕುವುದಿಲ್ಲ. ಹಿಮದಡಿ ಮಲಗಿದ ನೆಲಕ್ಕೆ ಅದು ವಿಶ್ರಾಂತಿಯ ಕಾಲ. ಓದುಗರು ಗಮನಿಸಬೇಕು: ಇದು ನಮ್ಮ ಸ್ಕೀಯಿಂಗ್ ಋತುವಿನ ನಟ್ಟನಡು, ಸೋಲಂಗ್ ನನ್ನ ಮಿತ್ರರ ಕೋಷ್ಟಕದಲ್ಲಿದ್ದ ಹೆಸರು. ಊರವರು ದನಿ ತಗ್ಗಿಸುವ ದಿನಗಳಲ್ಲೇ ನಾವು ಡಬ್ಬದ ಸಂಗೀತ ಹಾಕಿಕೊಂಡು ಅವರ ಬಾಗಿಲಿಗೆ ಹೋಗುತ್ತೇವೆ. ಕೋಷ್ಟಕದಲ್ಲಿ ಆ ವಿಷಯಕ್ಕೆ ಜಾಗವಿಲ್ಲ.

ಆದರೆ ಈ ಹಳ್ಳಿಗಳನ್ನು ಆಟದ ವೈರಿಗಳೆಂದು ತಿಳಿಯುವುದೂ ತಪ್ಪು. ೨೦೧೮ರ ಜನವರಿಯಲ್ಲಿ ಟರ್ಕಿಯಲ್ಲಿ ಕಂಚು ಗೆದ್ದು, ಸ್ಕೀಯಿಂಗಿನಲ್ಲಿ ಭಾರತಕ್ಕೆ ಮೊದಲ ಅಂತರರಾಷ್ಟ್ರೀಯ ಪದಕ ತಂದ ಆಂಚಲ್ ಠಾಕೂರ್ ಇದೇ ಬುರುವಾದವರು. ಗಂಟೆಯನ್ನು ಕಟ್ಟಿಡುವ ಊರೇ ಹಿಮದ ಮೇಲೆ ಹಾರುವ ಹುಡುಗಿಯನ್ನೂ ಬೆಳೆಸಿತು. ಎರಡಕ್ಕೂ ವಿರೋಧವಿಲ್ಲ. ಆಟ ಬೇಕು, ಆಳ್ವಿಕೆ ಬೇಡ ಎನ್ನುವುದೇ ಅವರ ನಿಲುವೆಂದು ನಾನು ಅರ್ಥಮಾಡಿಕೊಂಡಿದ್ದೇನೆ.

೬

ನನ್ನ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾನೇ ಎತ್ತಿಕೊಳ್ಳುತ್ತೇನೆ.

ಮೊದಲನೆಯದು ಮತ್ತು ಅತ್ಯಂತ ಗಂಭೀರವಾದುದು ಹೊಟ್ಟೆಪಾಡಿನದು. 'ನೀವು ಹೋಗದಿದ್ದರೆ ಆ ಸ್ಲೆಜ್ಜಿನವರು ಉಣ್ಣುವುದೇನನ್ನು?' ಎಂದು ಅರ್ಥಶಾಸ್ತ್ರ ಓದಿದ ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಹೋಗಬೇಡಿ ಎಂದು ನಾನು ಹೇಳುತ್ತಲೇ ಇಲ್ಲ. ಹಿಮವನ್ನು ಬೆನ್ನಟ್ಟಿ ಬೆಟ್ಟದಿಂದ ಬೆಟ್ಟಕ್ಕೆ ಹಾರುವ ಪ್ರವಾಸಿಗನೇ ಆ ಹೊಟ್ಟೆಪಾಡಿನ ಮೊದಲ ಶತ್ರು ಎಂದು ಹೇಳುತ್ತಿದ್ದೇನೆ. ಹಿಮ ಬಿದ್ದ ವಾರ ಊರು ಉಸಿರುಗಟ್ಟುವಷ್ಟು ಜನ, ಬೀಳದ ತಿಂಗಳು ನರಪಿಳ್ಳೆಯೂ ಇಲ್ಲ ಎಂಬ ಸ್ಥಿತಿಯಲ್ಲಿ ಯಾವ ಸಂಸಾರ ನಡೆದೀತು? ಆ ಏರಿಳಿತಕ್ಕೆ ಹೆದರಿಯೇ ಊರವರು ಇನ್ನೊಂದು ಅಂತಸ್ತು ಎಬ್ಬಿಸುತ್ತಾರೆ, ಇನ್ನೊಂದು ರೋಪ್‌ವೇಗೆ ಕೈಯೊಡ್ಡುತ್ತಾರೆ. ೨೦೨೪ರಲ್ಲಿ ನಾನು ಔಲಿಯ ಕೊಠಡಿಯನ್ನು ರದ್ದುಮಾಡಿದಾಗ ಆ ಬೆಟ್ಟವನ್ನು ಉಳಿಸಲಿಲ್ಲ. ಅದರ ಬೆನ್ನಿಗೆ ಇನ್ನೊಂದು ಯಂತ್ರ ಹೇರಲು ನನ್ನ ಪಾಲಿನ ಕಾರಣವನ್ನು ಒದಗಿಸಿದೆ.

ಎರಡನೆಯದು ವ್ಯಕ್ತಿಸ್ವಾತಂತ್ರ್ಯದ ಆಕ್ಷೇಪ. ನಮ್ಮ ದುಡ್ಡು, ನಮ್ಮ ರಜೆ, ನಮ್ಮ ಆಯ್ಕೆ. ಈ ಮಾತನ್ನು ತೊಂಬತ್ತರ ದಶಕದಿಂದ ನಾವು ಮಂತ್ರದಂತೆ ಪಠಿಸುತ್ತ ಬಂದಿದ್ದೇವೆ. ಆಯ್ಕೆ ದೊಡ್ಡ ಮೌಲ್ಯವೇ ಸರಿ. ಆದರೆ ಒಂದು ಕಡೆಯವರಿಗೆ ಮಾತ್ರ ಇರುವ ಆಯ್ಕೆಗೆ ಬೇರೆ ಹೆಸರಿದೆ. ನನಗೆ ಐದು ಬೆಟ್ಟಗಳಿವೆ; ಸ್ಲೆಜ್ಜಿನವರಿಗೆ ಒಂದೇ. ನಾನು ಹತ್ತು ನಿಮಿಷದಲ್ಲಿ ಬದಲಿಸಬಲ್ಲೆ; ಅವರ ಮಕ್ಕಳೂ ಬದಲಿಸಲಾರರು.

ಮೂರನೆಯದು: ಹಿಮಪಾತ, ಹವಾಮಾನ ಇವೆಲ್ಲ ದೊಡ್ಡ ಶಕ್ತಿಗಳ ಆಟ, ಒಬ್ಬ ಸ್ಕೀಯಿಂಗ್ ಪ್ರಿಯನಿಂದ ಏನಾದೀತು? ಕಡತ ತಡವಾದಾಗ ನಾವು ಸರ್ಕಾರಿ ನೌಕರರು ಹೇಳುವ ಮಾತೇ ಇದು. ನನಗೆ ಇದರ ಪರಿಚಯ ಚೆನ್ನಾಗಿದೆ. ಒಬ್ಬನ ಟಿಪ್ಪಣಿಯಿಂದ ಆಡಳಿತ ನಡೆಯುವುದಿಲ್ಲ, ನಿಜ. ಆದರೆ ಎಲ್ಲರ ಟಿಪ್ಪಣಿಗಳು ಸೇರಿಯೇ ಕಡತವಾಗುವುದು. ಬೆಟ್ಟಗಳ ಮೇಲೆ ಬಿದ್ದಿರುವ ಒತ್ತಡ ನಮ್ಮ ಕೋಷ್ಟಕಗಳ ಮೊತ್ತವಲ್ಲದೆ ಬೇರೇನು?

ಇನ್ನು ಅಪಾಯದ ಮಾತನ್ನೂ ಹೇಳಬೇಕು. ಗುಲ್‌ಮರ್ಗಿನ ಗೊಂಡೊಲಾ ನಮ್ಮನ್ನು ಅಫರ್ವತ್‌ನ ತಪ್ಪಲಿನಲ್ಲಿ ನಾಲ್ಕು ಸಾವಿರ ಮೀಟರಿನ ಸಮೀಪಕ್ಕೆ ಒಯ್ದು ನಿಲ್ಲಿಸುತ್ತದೆ. ಅದೇ ಇಳಿಜಾರುಗಳಲ್ಲಿ ೨೦೨೩ರ ಫೆಬ್ರವರಿ ಮೊದಲ ದಿನ ಹಿಮಪ್ರವಾಹಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸ್ಕೀಯಿಂಗ್ ಪ್ರಿಯರು ಸತ್ತರು. ೨೦೨೪ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು. ೨೦೨೪ರದು ನಾನು ಕಂದುಹುಲ್ಲು ನೋಡಿ ಬಂದ ಮರುತಿಂಗಳು. ತಡವಾಗಿ ಬಂದ ಹಿಮ ಒಮ್ಮೆಲೇ ಸುರಿದಾಗ ಕಾದು ಕುಳಿತವರಿಗೆ ತಾಳ್ಮೆಯಿರುವುದಿಲ್ಲ. ಸತ್ತವರನ್ನು ನಾನು ದೂರುತ್ತಿಲ್ಲ. ಅವರ ತೀರ್ಮಾನಗಳು ನನಗೆ ತಿಳಿಯವು. ನನ್ನ ತಾಳ್ಮೆಯ ಅಳತೆ ಮಾತ್ರ ನನಗೆ ಗೊತ್ತು. 'ಇವತ್ತು ಬೆಟ್ಟ ಬೇಡ ಅನ್ನುತ್ತಿದೆ' ಎಂದ ಬೋಧಕರ ಮೇಲೆ ದೂರು ಬರೆದವನು ನಾನು. ಆ ಎರಡು ದಿನಗಳಲ್ಲಿ ಅವರು ನನ್ನ ಪ್ರಾಣವನ್ನು ಉಳಿಸಿದರೋ ಏನೋ, ನನಗೆಂದೂ ತಿಳಿಯುವುದಿಲ್ಲ.

೭

ಹಾಗಾದರೆ ಮಾಡಬೇಕಾದುದೇನು? ಮೂರು ಮಾತು ಹೇಳಿ ಮುಗಿಸುತ್ತೇನೆ.

ಒಂದು: ಒಂದೇ ಬೆಟ್ಟವನ್ನು ಹಿಡಿಯಿರಿ. ನಾವು ಹೊರನಾಡ ಕನ್ನಡಿಗರು ಊರಿನ ಬೆಲೆ ಬಲ್ಲವರು. ವರ್ಷಕ್ಕೊಮ್ಮೆ ಊರಿಗೆ ಹೋಗುವಾಗ ಈ ಸಲ ಯಾವ ಊರಿನಲ್ಲಿ ಮಳೆ ಚೆನ್ನಾಗಿದೆ ಎಂದು ಕೋಷ್ಟಕ ಹಾಕುವುದಿಲ್ಲ. ನಮ್ಮ ಊರಿಗೆ ಹೋಗುತ್ತೇವೆ. ಮಳೆಯಿದ್ದರೆ ಸಂತೋಷ, ಬರವಿದ್ದರೆ ಬರ. ಹಾಗೆ ಒಂದು ಬೆಟ್ಟದ ಊರಿಗೆ ಹತ್ತು ವರ್ಷ ಹೋಗಿ ಬಂದವನಿಗೆ ಅಲ್ಲಿಯ ನೀರಿನ ಕಷ್ಟ, ಗೋಡೆಯ ಬಿರುಕು, ಮೌನದ ದಿನಗಳು ತಾವಾಗಿ ತಿಳಿಯುತ್ತವೆ. ಕೋಷ್ಟಕದಲ್ಲಿಲ್ಲದ ಕಾಲಮ್ಮನ್ನು ತುಂಬುವ ದಾರಿ ಅದೊಂದೇ.

ಎರಡು: ಹಿಮವಿಲ್ಲದಿದ್ದರೂ ಕಾದಿರಿಸಿದ್ದನ್ನು ರದ್ದುಮಾಡಬೇಡಿ. ಹೋಗಿ, ನಡೆದಾಡಿ, ಬೋಧಕರಿಗೆ ಅವರ ದಿನಗೂಲಿ ಕೊಡಿ. ಬೆಟ್ಟ ಬೇಡವೆಂದ ದಿನ ಆಲೂಗಡ್ಡೆ ಸುಲಿಯಿರಿ. ಹಿಮವಿಲ್ಲದ ವಾರಕ್ಕೂ ನಾವು ಬೆಲೆ ಕೊಡಬಲ್ಲೆವೆಂದು ಗೊತ್ತಾದರೆ ಹತ್ತು ಲಕ್ಷ ಲೀಟರ್ ನೀರು ಎರಚುವ ಯಂತ್ರದ ಅಗತ್ಯ ಊರವರಿಗೂ ಅಷ್ಟರಮಟ್ಟಿಗೆ ತಗ್ಗುತ್ತದೆ.

ಮೂರು: 'ಹಿಮದ ಗ್ಯಾರಂಟಿ' ಎಂದು ಜಾಹೀರಾತು ಹಾಕುವವರ ಮನೆಯಲ್ಲಿ ಇಳಿಯಬೇಡಿ. ಹೋಗುವ ಮುನ್ನ ಹೋಟೆಲಿಗೆ ಫೋನು ಮಾಡಿದಂತೆ ಊರಿನ ಪಂಚಾಯಿತಿಯ ಒಬ್ಬರಿಗಾದರೂ ಮಾಡಿ, ಈ ವಾರ ಬರಬಹುದೆ ಎಂದು ಕೇಳಿ. ಬೇಡವೆಂದರೆ ಕಾರಣ ಕೇಳದೆ ಇನ್ನೊಂದು ವಾರಕ್ಕೆ ರಜೆ ಬರೆಯಿರಿ. ರಜೆ ಮುಂದೂಡುವ ಕಷ್ಟ ಎಂಥದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಜನವರಿಯ ಆಕಾಶವನ್ನು ಮುಂದೂಡುವುದಕ್ಕಿಂತ ಅದು ಸುಲಭ.

ರಾಜ್ಯೋತ್ಸವದ ಊಟದ ಕೊನೆಗೆ, ಕೈ ತೊಳೆಯುವ ಜಾಗದಲ್ಲಿ, ಇಷ್ಟನ್ನೂ ನನ್ನ ತರುಣ ಮಿತ್ರರಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಕೋಷ್ಟಕಕ್ಕೆ ಒಂದು ಕಾಲಂ ಸೇರಿಸಿ, "ಇದರಲ್ಲಿ ಏನು ಬರೆಯಲಿ, ಸರ್?" ಎಂದು ಕೇಳಿದರು. ಇಲ್ಲಿ ಕುಳಿತು ತುಂಬುವ ಕಾಲಂ ಅಲ್ಲ ಅದು ಎಂದೆ. ಈ ಜನವರಿಗೆ ನಾನು ಜೋಶಿಮಠದಲ್ಲಿ ಒಂದು ವಾರಕ್ಕೆ ಕೊಠಡಿ ಕಾದಿರಿಸಿದ್ದೇನೆ. ಒಂದೇ ಅಂತಸ್ತಿನ ಮನೆ, ೨೦೨೪ರಲ್ಲಿ ನಾನು ರದ್ದುಮಾಡಿದ್ದೂ ಅವರದೇ ಕೊಠಡಿ. ಫೋನಿನಲ್ಲಿ ಮನೆಯೊಡೆಯರು ಮುಂಗಡ ಪೂರ್ತಿ ಕಳಿಸಿ ಎಂದರು, ಕಳಿಸಿದ್ದೇನೆ. ಹಿಮ ಬಿದ್ದಿದೆಯೇ ಎಂದು ನಾನು ಕೇಳಲಿಲ್ಲ. ಬನ್ನಿ ಎಂದು ಅವರು ಹೇಳಿದ್ದಾರೆ.